ಹಿಮಾಲಯನ್ 411ಗೆ ಓವರ್‌ಡ್ರೈವ್ 5ನೇ ಗೇರ್ ಮಾಡಿಸೋದ್ರ ಬಗ್ಗೆ

ನೀವು ಕೇಳಿದ್ದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕಿನ 5ನೇ ಗೇರ್ ಜಾಗಕ್ಕೆ ಓವರ್‌ಡ್ರೈವ್ ಗೇರ್ (ಅದೇ ಸ್ಪೀಡಲ್ಲಿ ಇಂಜಿನ್ ನಿಧಾನಕ್ಕೆ ತಿರುಗೋ ಹಾಗೆ ಮಾಡೋ ಗೇರ್) ನಮ್ಮ ಶಿವಮೊಗ್ಗದ ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾ ಕಡೆ ಕಟ್ ಮಾಡಿಸಿ ಹಾಕಬಹುದಾ ಅಂತ ಅಲ್ವಾ. ಹಾಕಬಹುದು ಮಾರಾಯ್ರೆ, ಆದ್ರೆ ಒಂದು ಗೇರ್ ಮಾತ್ರ ಬದಲಾಯಿಸಿದ್ರೆ ಆಗಲ್ಲ, ಜೋಡಿನೇ ಮಾಡಿಸ್ಬೇಕು. ಜೋಡಿ ಗೇರ್ ಕೂರೋ ಎರಡು ಶಾಫ್ಟ್ ನಡುವಿನ ದೂರ ಗೇರ್‌ಬಾಕ್ಸ್ ಕೇಸಲ್ಲಿ ಫಿಕ್ಸ್ ಆಗಿರುತ್ತೆ, ಹಂಗಾಗಿ ಹಲ್ಲಿನ ಒಟ್ಟು ಲೆಕ್ಕ ಅಷ್ಟೇ ಇರ್ಬೇಕು. ಸುಮ್ನೆ ಲೆಕ್ಕಕ್ಕೆ ಹೇಳ್ತೀನಿ, 24-23 ಹಲ್ಲು (ಮೊದಲನೇದು ಇಂಜಿನ್ ಕಡೆ ಶಾಫ್ಟಿಂದು) ಇರೋ ಜೋಡಿನ 25-22 ಮಾಡಿದ್ರೆ ಒಟ್ಟು ಅದೇ 47, ಅದೇ ಸ್ಪೀಡಲ್ಲಿ ಆರ್‌ಪಿಎಂ ಸುಮಾರು 8% ಇಳಿಯುತ್ತೆ, ಅಂದ್ರೆ 5000 ಇದ್ದಿದ್ದು 4600 ಹತ್ರ ಬರುತ್ತೆ.

ಹಲ್ಲು ಕಟ್ ಮಾಡೋದು ದೊಡ್ಡ ವಿಷ್ಯ ಅಲ್ಲ, ಹೀಟ್ ಟ್ರೀಟ್‌ಮೆಂಟೇ ಎಲ್ಲಾ. 20ಎಂಎನ್‌ಸಿಆರ್5 ತರದ ಸ್ಟೀಲಲ್ಲಿ ಮಾಡಿ ಕೇಸ್ ಹಾರ್ಡನಿಂಗ್ (ಒಳಗೆ ಗಟ್ಟಿತನ ಬಿಟ್ಟು ಮೇಲ್ಪದರ ಮಾತ್ರ ಕಲ್ಲಿನ ಹಾಗೆ ಮಾಡೋದು) ಮಾಡಿಸಿ ಆಮೇಲೆ ಗ್ರೈಂಡ್ ಮಾಡಿಸ್ಬೇಕು, ಗೇರ್ ಪಕ್ಕದಲ್ಲಿರೋ ಡಾಗ್‌ಗಳ (ಪಕ್ಕದ ಗೇರನ್ನ ಕಚ್ಚಿ ಹಿಡಿಯೋ ಮೊಳೆಗಳು) ಅಂಚೂ ಒರಿಜಿನಲ್ ತರಾನೇ ಇರ್ಬೇಕು, ಇಲ್ಲಾಂದ್ರೆ ಗೇರ್ ಜಾರುತ್ತೆ. ನಾನೊಮ್ಮೆ ಕಾಸು ಉಳಿಸೋಕೆ ಹೋಗಿ ಹಳೇ ಗಾಡಿಗೆ ಬರೀ ಮೇಲ್ಮೇಲೆ ಕಾಯಿಸಿದ ಗೇರ್ ಹಾಕ್ಸಿದ್ದೆ, ತೀರ್ಥಹಳ್ಳಿ ದಾಟೋ ಹೊತ್ತಿಗೇ ಕುಂಯ್ ಅನ್ನೋಕೆ ಶುರು, ಆಯಿಲ್ ಬಿಟ್ಟಾಗ ಮ್ಯಾಗ್ನೆಟ್ ತುಂಬಾ ಬೆಳ್ಳಿ ಪುಡಿ!

ಇಂಜಿನ್ ಬಿಚ್ಚೋಕೆ ಮುಂಚೆ ಮುಂದಿನ ಸ್ಪ್ರಾಕೆಟ್ (ಚೈನ್ ಎಳೆಯೋ ಹಲ್ಲಿನ ಚಕ್ರ) 15ರಿಂದ 16 ಹಲ್ಲಿಗೆ ಹಾಕಿ ನೋಡಿ, ಆರ್‌ಪಿಎಂ 6% ಇಳಿಯುತ್ತೆ, ಇಷ್ಟ ಆಗ್ಲಿಲ್ಲ ಅಂದ್ರೆ ಬಿಚ್ಚಿಟ್ರಾಯ್ತು. ಅದ್ರಲ್ಲಿ 1ನೇ ಗೇರೂ ಉದ್ದ ಆಗುತ್ತೆ, ಅಂದ್ರೆ ಎಳೆಯೋ ಶಕ್ತಿ ಕಮ್ಮಿ ಆಗುತ್ತೆ, ಆಗುಂಬೆ ತಿರುವಲ್ಲಿ ಡಬಲ್ಸ್ ಹತ್ತುವಾಗ ಕ್ಲಚ್ ಹಿಡಿಯೋದು ಜಾಸ್ತಿ ಆಗ್ಬಹುದು. ಬರೀ 5ನೇ ಗೇರ್ ಮಾಡಿಸಿದ್ರೆ ಆ ತೊಂದ್ರೆ ಇಲ್ಲ, ಆದ್ರೆ ಎದುರು ಗಾಳಿ ಇದ್ರೆ 24 ಚಿಲ್ಲರೆ ಹಾರ್ಸ್‌ಪವರ್‌ಗೆ ಆ 5ನೇ ಗೇರ್ ಎಳೆಯೋದು ಕಷ್ಟ, 4ಕ್ಕೆ ಇಳಿಸ್ತಾನೇ ಇರ್ತೀರ.