ಚಳಿ ಪ್ರದೇಶದಲ್ಲಿ ಎಡಮಾಮೆ ಬಿತ್ತುವುದು ಯಾವಾಗ?

ವಸಂತದ ಕೊನೆಯ ಫ್ರಾಸ್ಟ್ (ಇಬ್ಬನಿ ಹೆಪ್ಪುಗಟ್ಟುವ ಚಳಿ) ಕಳೆದು ಒಂದೆರಡು ವಾರವಾದ ನಂತರ, ಮಣ್ಣು ಬೆಚ್ಚಗಾದ ಮೇಲೆ ಬಿತ್ತಿ. ಕ್ಯಾಲೆಂಡರ್‌ಗಿಂತ ಥರ್ಮಾಮೀಟರ್ ನಂಬುವುದು ಮೇಲು: 5 ಸೆಂ.ಮೀ. ಆಳದಲ್ಲಿ ಬೆಳಗಿನ ಉಷ್ಣಾಂಶ ಸತತ ಮೂರ್ನಾಲ್ಕು ದಿನ 15–16 ಡಿಗ್ರಿ ಸೆಲ್ಸಿಯಸ್ ಇರಬೇಕು. 18 ದಾಟಿದರೆ ಇನ್ನೂ ಒಳ್ಳೆಯದು.

ಎಡಮಾಮೆ ಎಂದರೆ ಹಸಿಯಾಗಿ ಕೀಳುವ ಸೋಯಾ. ಇದರ ಒಣಬೀಜ ಮಣ್ಣಿಗೆ ಬಿದ್ದ ಮೊದಲ ಕೆಲವು ಗಂಟೆಗಳಲ್ಲೇ ವೇಗವಾಗಿ ನೀರು ಹೀರುತ್ತದೆ. ಆ ನೀರು ತಣ್ಣಗಿದ್ದರೆ ಜೀವಕೋಶಗಳ ಪೊರೆ ಹಾಳಾಗಿ ಒಳಗಿನ ಸಕ್ಕರೆ ಹೊರಗೆ ಸೋರುತ್ತದೆ, ಅದಕ್ಕೆ ಶಿಲೀಂಧ್ರ ಮುತ್ತಿ ಬೀಜ ಕೊಳೆಯುತ್ತದೆ. ಆಮೇಲೆ ಬಿಸಿಲು ಬಂದರೂ ಪ್ರಯೋಜನವಿಲ್ಲ. ಹಾಗಾಗಿ ಬೀಜ ನೆನೆಹಾಕಬೇಡಿ, ತಣ್ಣನೆಯ ಮಳೆಯ ಮುನ್ಸೂಚನೆ ಇದ್ದರೆ ಎರಡು ದಿನ ತಡೆಯಿರಿ. ಆಳ 2.5 ಸೆಂ.ಮೀ., ಗಿಡದಿಂದ ಗಿಡಕ್ಕೆ 8–10 ಸೆಂ.ಮೀ. ಸಾಕು.

ಹಾಗೆಂದು ತೀರಾ ತಡ ಮಾಡುವಂತೆಯೂ ಇಲ್ಲ. 75–90 ದಿನಗಳ ಬೇಗ ಮಾಗುವ ತಳಿಯನ್ನೇ ಆರಿಸಿ, ಶರತ್ಕಾಲದ ಮೊದಲ ಫ್ರಾಸ್ಟ್‌ನಿಂದ ಹಿಂದಕ್ಕೆ ಎಣಿಸಿ. ತಂಪು ರಾತ್ರಿಗಳಲ್ಲಿ ಕಾಳು ನಿಧಾನವಾಗಿ ತುಂಬುವುದರಿಂದ ಎರಡು ವಾರ ಹೆಚ್ಚಿಗೆ ಇಟ್ಟುಕೊಳ್ಳಿ. ತಡವಾಗಿ ಮಾಗುವ ತಳಿಗಳು ಹಗಲು ಸಾಕಷ್ಟು ಮೊಟಕಾಗುವವರೆಗೆ ಹೂ ಬಿಡುವುದೇ ಇಲ್ಲ, ಕಾಯಿ ತುಂಬುವಷ್ಟರಲ್ಲಿ ಚಳಿ ಬಂದಿರುತ್ತದೆ.

ಬೆಳೆಯ ಅವಧಿ ಸಾಲದಿದ್ದರೆ ಬಿತ್ತನೆಗೆ ಎರಡು ವಾರ ಮೊದಲೇ ಮಣ್ಣಿನ ಮೇಲೆ ಕಪ್ಪು ಪ್ಲಾಸ್ಟಿಕ್ ಹೊದಿಸಿ. ಒಳಾಂಗಣದಲ್ಲಿ ಸಸಿ ಮಾಡುವುದಾದರೆ ಎರಡು-ಮೂರು ವಾರದೊಳಗೆ, ಬೇರು ಕದಲದಂತೆ ನಾಟಿ ಮಾಡಿ.