ಆ ಟ್ಯೂಬನ್ನು ಸಿಂಗಪುರಕ್ಕೆ ಕಳಿಸಬೇಡಿ

ಹಾಸನ, ಚಿಕ್ಕಮಗಳೂರು ಕಡೆಯಿಂದ ಸಿಂಗಪುರ, ಕ್ವಾಲಾಲಂಪುರಗಳಿಗೆ ಹೋಗಿ ಸಂಸಾರ ಹೂಡಿದವರ ಪತ್ರಗಳು ಈ ಅಂಕಣಕ್ಕೆ ಬರುತ್ತಲೇ ಇವೆ. ಅವರು ಬರೆಯದಿದ್ದರೆ ಇಲ್ಲಿರುವ ಅವರ ಅಪ್ಪ ಅಮ್ಮ ಬರೆಯುತ್ತಾರೆ. ಯಾರೇ ಬರೆದರೂ ಮೊದಲನೇ ಪ್ರಶ್ನೆ ಒಂದೇ: ತುರಿಕೆಗೆ ಊರಿನ ಮೆಡಿಕಲ್ಸ್‌ನಿಂದ ಮುಲಾಮಿನ ಟ್ಯೂಬ್ ತರಿಸಿಕೊಳ್ಳಬಹುದೇ? ಅದಕ್ಕೆ ಚುಟುಕಾಗಿ ಉತ್ತರಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ಮುಂದಿನ ವಾರದ ಟಪಾಲಿನಲ್ಲಿ ಅದೇ ಟ್ಯೂಬು, ಅದೇ ತುರಿಕೆ. ಹಾಗಾಗಿ ಈ ಸಲ ಜಾಗದ ಬಹುಪಾಲನ್ನು ಅದಕ್ಕೇ ಕೊಡುತ್ತಿದ್ದೇನೆ. ದಿನಾ ಸ್ನಾನ ಮಾಡಿ, ಒದ್ದೆ ಬಟ್ಟೆ ಉಡಬೇಡಿ ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ.

ಪ್ರಶ್ನೆ: ನಾವು ಹೊಳೆನರಸೀಪುರದವರು. ಯಜಮಾನರ ಕೆಲಸದ ಮೇಲೆ ಕಳೆದ ವರ್ಷ ಸಿಂಗಪುರಕ್ಕೆ ಬಂದೆವು, ಪುಂಗೋಲ್‌ನಲ್ಲಿ ಫ್ಲ್ಯಾಟ್. ಬಂದು ಸ್ವಲ್ಪ ದಿನಕ್ಕೇ ಯಜಮಾನರಿಗೆ ತೊಡೆಸಂದಿಯಲ್ಲಿ ತುರಿಕೆ ಶುರುವಾಯಿತು. ಮಾವನವರು ಊರಿನ ಮೆಡಿಕಲ್ಸ್‌ನಿಂದ ಟ್ಯೂಬ್ ಕಳಿಸಿದರು. ಹಚ್ಚಿದರೆ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ, ಬಿಟ್ಟ ವಾರದೊಳಗೆ ಇನ್ನೂ ಅಗಲವಾಗಿ ಬರುತ್ತದೆ. ಈಗ ನನಗೂ ಸೊಂಟದ ಸುತ್ತ ಬಂದಿದೆ, ಆರು ವರ್ಷದ ಮಗನಿಗೆ ಕುತ್ತಿಗೆಯಲ್ಲಿ. ಇಲ್ಲಿನ ಫಾರ್ಮಸಿಯಲ್ಲಿ ಆ ಟ್ಯೂಬ್ ಕೊಡುವುದಿಲ್ಲ. ಅತ್ತೆಯವರು ಮುಂದಿನ ತಿಂಗಳು ಬರುತ್ತಿದ್ದಾರೆ, ಅವರ ಕೈಲಿ ಏಳೆಂಟು ಟ್ಯೂಬ್ ತರಿಸಿಕೊಳ್ಳಲೇ? ಇಲ್ಲಿನ ನೀರು ನಮಗೆ ಒಗ್ಗುತ್ತಿಲ್ಲವೇ?

ಉತ್ತರ: ಒಂದು ಟ್ಯೂಬೂ ಬೇಡಮ್ಮಾ. ಮನೆಯಲ್ಲಿ ಅರ್ಧ ಉಳಿದಿರುವುದನ್ನೂ ಇವತ್ತೇ ಕಸಕ್ಕೆ ಹಾಕಿ. ಹಾಕುವ ಮುಂಚೆ ಟ್ಯೂಬಿನ ಹಿಂದಿರುವ ಸಣ್ಣ ಅಕ್ಷರಗಳ ಫೋಟೋ ತೆಗೆದಿಟ್ಟುಕೊಳ್ಳಿ, ಅಲ್ಲಿನ ವೈದ್ಯರಿಗೆ ತೋರಿಸಬೇಕಾಗುತ್ತದೆ. ಬಾಲ ಸುರುಳಿ ಸುತ್ತಿ ಕೊನೇ ಹನಿವರೆಗೂ ಹಿಂಡಿದ ಇಂಥ ಟ್ಯೂಬುಗಳನ್ನು ಜನ ನನ್ನ ಮೇಜಿನ ಮೇಲೆ ಇಡುತ್ತಲೇ ಇರುತ್ತಾರೆ. ಕಂಪನಿಯ ಹೆಸರು ಬೇರೆಬೇರೆ, ಒಳಗಿನ ಸರಕು ಹೆಚ್ಚುಕಡಿಮೆ ಒಂದೇ: ಕ್ಲೋಬೆಟಾಸಾಲ್, ಒಫ್ಲಾಕ್ಸಾಸಿನ್, ಆರ್ನಿಡಜೋಲ್, ಟರ್ಬಿನಾಫಿನ್. ಇವುಗಳಲ್ಲಿ ಶಿಲೀಂಧ್ರದ ಔಷಧ ಕೊನೆಯದೊಂದೇ. ನಡುವಿನ ಎರಡಕ್ಕೆ ನಿಮ್ಮ ಕಾಯಿಲೆಯಲ್ಲಿ ಕೆಲಸವೇ ಇಲ್ಲ. ಮೊದಲನೆಯದು ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಅತಿ ಪ್ರಬಲ ವರ್ಗಕ್ಕೆ ಸೇರಿದ್ದು. ಎರಡು ದಿನಕ್ಕೆ ತುರಿಕೆ ನಿಲ್ಲಿಸುವುದು ಅದೇ.

ನಿಮ್ಮ ಮನೆಯವರಿಗೆ ಬಂದಿರುವುದು ಹುಳುಕಡ್ಡಿ ಎಂದು ಪತ್ರ ಓದಿದರೇ ಅನ್ನಿಸುತ್ತದೆ. ಚರ್ಮದ ಮೇಲ್ಪದರದ ಕೆರಾಟಿನ್ ಎಂಬ ಪ್ರೋಟೀನನ್ನು ತಿಂದು ಬದುಕುವ ಶಿಲೀಂಧ್ರ ಅದು. ಅದು ಬಂದಾಗ ನಮ್ಮ ದೇಹ ಅದರ ಜೊತೆ ಹೋರಾಡುತ್ತದೆ. ಆ ಹೋರಾಟವೇ ನಿಮಗೆ ಕೆಂಪಾಗಿ, ತುರಿಕೆಯಾಗಿ ಕಾಣುವುದು. ಸ್ಟೀರಾಯ್ಡ್ ಹಚ್ಚಿದಾಗ ಶಿಲೀಂಧ್ರ ಸಾಯುವುದಿಲ್ಲ, ದೇಹದ ಹೋರಾಟ ನಿಲ್ಲುತ್ತದೆ. ಕಳ್ಳ ಒಳಗಿರುವಾಗ ಬೊಗಳುವ ನಾಯಿಯ ಬಾಯಿ ಕಟ್ಟಿದಂತೆ. ಮನೆ ನಿಶ್ಶಬ್ದವಾಗುತ್ತದೆ, ಕಳ್ಳ ಕೋಣೆಯಿಂದ ಕೋಣೆಗೆ ಆರಾಮಾಗಿ ಓಡಾಡುತ್ತಾನೆ. ಬಿಟ್ಟ ವಾರಕ್ಕೆ ಅಗಲವಾಗಿ ಬಂತು ಎಂದು ನೀವು ಬರೆದಿರುವುದು ಇದನ್ನೇ. ಉಂಗುರದಂತೆ ಅಂಚು ಕೆಂಪಾಗಿ, ನಡುವೆ ತಿಳಿಯಾಗಿರುವುದು ಇದರ ಗುರುತು. ಸ್ಟೀರಾಯ್ಡ್ ಹಚ್ಚುತ್ತ ಹೋದರೆ ಆ ಗುರುತೂ ಅಳಿಸಿಹೋಗಿ, ನೋಡಿದ ವೈದ್ಯರಿಗೂ ಇದು ಇಸುಬೋ ಅಲರ್ಜಿಯೋ ಎಂಬ ಗೊಂದಲವಾಗುತ್ತದೆ.

ಇನ್ನೊಂದು ಹಾನಿ ಇದೆ. ತೊಡೆಸಂದಿಯ ಚರ್ಮ ಮೊದಲೇ ತೆಳು. ಅಲ್ಲಿಗೆ ತಿಂಗಳುಗಟ್ಟಲೆ ಕ್ಲೋಬೆಟಾಸಾಲ್ ಹಚ್ಚಿದರೆ ಚರ್ಮ ಒಳಗೊಳಗೇ ಸೀಳಿ, ಬಸುರಿಯ ಹೊಟ್ಟೆಯ ಮೇಲಿನಂಥ ಉದ್ದುದ್ದ ಗೆರೆಗಳು ಮೂಡುತ್ತವೆ. ಮೊದಲು ಕೆಂಪು, ಆಮೇಲೆ ಬಿಳಿ. ಕಾಲಕ್ರಮೇಣ ಮಸುಕಾಗಬಹುದು, ಪೂರ್ತಿ ಹೋಗುವುದಿಲ್ಲ. ಮದುವೆಯಾಗಬೇಕಾದ ಹುಡುಗರು ಅದನ್ನು ಅಳಿಸಿಕೊಡಿ ಎಂದು ಕೇಳುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಿಮ್ಮ ಮಗನ ಕುತ್ತಿಗೆಗೆ ಆ ಟ್ಯೂಬ್ ಇನ್ನು ಒಂದು ದಿನವೂ ತಾಗಬಾರದು. ಯಾರಾದರೂ ಮುಖಕ್ಕೆ ಬಹಳ ಕಾಲ ಹಚ್ಚಿಕೊಂಡಿದ್ದರೆ ಮಾತ್ರ ವೈದ್ಯರ ಕಣ್ಣಳತೆಯಲ್ಲಿ ಬಿಡಿ. ಬಿಟ್ಟ ಕೂಡಲೇ ಮುಖ ಉರಿದು ಕೆಂಪಾಗುತ್ತದೆ, ಹೆದರಿ ಮತ್ತೆ ಹಚ್ಚಿಬಿಡುತ್ತಾರೆ.

2018ರಲ್ಲೇ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಚರ್ಮವೈದ್ಯರ ಸಂಘ ಇದಕ್ಕೆಂದೇ ಕಾರ್ಯಪಡೆ ಮಾಡಿಕೊಂಡು ವರ್ಷಗಟ್ಟಲೆ ಕೂಗುತ್ತಿದೆ. ಆದರೂ ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ‘ತುರಿಕೆಗೆ ಏನಾದ್ರೂ ಕೊಡಿ’ ಎಂದರೆ ಕೈಗೆ ಬರುವುದು ಇದೇ ಟ್ಯೂಬು. ಸಿಂಗಪುರದ ಫಾರ್ಮಸಿಯವರು ಕೊಡಲಿಲ್ಲವೆಂದು ನೀವು ಬೇಸರಪಟ್ಟಿದ್ದೀರಿ. ಕೊಡದೆ ಅವರು ನಿಮಗೆ ಉಪಕಾರ ಮಾಡಿದ್ದಾರೆ. ಇಲ್ಲಿ ಇನ್ನೂ ಕೆಟ್ಟದ್ದೊಂದು ನಡೆಯುತ್ತದೆ: ಡಿಗ್ರಿ ಇಲ್ಲದವರು ‘ಒಂದೇ ಇಂಜೆಕ್ಷನ್‌ಗೆ ತುರಿಕೆ ಮಾಯ’ ಎಂದು ಸ್ಟೀರಾಯ್ಡ್ ಚುಚ್ಚುವುದು. ರಜೆಗೆ ಬಂದಾಗ ಯಜಮಾನರನ್ನು ಯಾರಾದರೂ ಅಂಥಲ್ಲಿಗೆ ಕರೆದುಕೊಂಡು ಹೋದಾರು, ಬಿಡಬೇಡಿ.

ನೀರು ಒಗ್ಗದಿರುವ ಪ್ರಶ್ನೆ ಇಲ್ಲ. ವ್ಯತ್ಯಾಸ ಆಗಿರುವುದು ಹವೆಯಲ್ಲಿ. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಕಾರ್ತಿಕ ಕಳೆದು ಚಳಿ ಬಿದ್ದರೆ ಮೈ ಒಣಗುತ್ತದೆ, ಹುಳುಕಡ್ಡಿಯೂ ಅಡಗಿ ಕೂರುತ್ತದೆ, ವಾಸಿಯಾಯಿತೆಂದು ಜನ ತಿಳಿಯುತ್ತಾರೆ. ಸಿಂಗಪುರ ಭೂಮಧ್ಯರೇಖೆಯ ಪಕ್ಕದಲ್ಲೇ ಇದೆ. ಹಗಲು 31–32 ಡಿಗ್ರಿ, ರಾತ್ರಿಯೂ 24ಕ್ಕಿಂತ ಕೆಳಗಿಳಿಯುವುದು ಅಪರೂಪ, ಗಾಳಿಯ ತೇವ ಸರಾಸರಿ ಶೇ 80ರ ಆಸುಪಾಸು. ಚಳಿಗಾಲವೆಂಬುದೇ ಇಲ್ಲದ ಊರಿನಲ್ಲಿ ಈ ಕಾಯಿಲೆ ಅಡಗುವ ತಿಂಗಳೂ ಇಲ್ಲ. ಊರಿನಿಂದಲೇ ಜೊತೆಗೆ ಬಂದದ್ದು ಅಲ್ಲಿ ಹರಡಿಕೊಂಡಿರಬಹುದು.

ಈಗ ಮಾಡಬೇಕಾದ್ದು. ಮೂವರೂ ಒಟ್ಟಿಗೆ ಹತ್ತಿರದ ಕ್ಲಿನಿಕ್‌ಗೆ ಹೋಗಿ. ಒಬ್ಬರು ಔಷಧಿ ತೆಗೆದುಕೊಂಡು ಇಬ್ಬರು ಬಿಟ್ಟರೆ ಒಂದೇ ಹಾಸಿಗೆ, ಒಂದೇ ಟವೆಲಿನಿಂದ ಅದು ಮನೆಯೊಳಗೇ ಸುತ್ತುತ್ತಿರುತ್ತದೆ. ಚರ್ಮವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಮಾಡಿಸಿ, ನೋವಿಲ್ಲದ್ದು. ವೈದ್ಯರು ಕೇಳದಿದ್ದರೂ ಎರಡು ಮಾತು ಹೇಳಿ: ನಾವು ಭಾರತದಿಂದ ಬಂದವರು, ಸ್ಟೀರಾಯ್ಡ್ ಬೆರೆತ ಕ್ರೀಮ್ ಹಚ್ಚಿದ್ದೇವೆ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಕಡೆ ಈಗ ಹೆಚ್ಚಾಗಿರುವ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೇ ಎಂದು ಹೆಸರಿಟ್ಟಿದ್ದಾರೆ. ಸಾಮಾನ್ಯವಾಗಿ ಮೊದಲು ಬರೆದುಕೊಡುವ ಟರ್ಬಿನಾಫಿನ್ ಮಾತ್ರೆಗೆ ಅದು ಅನೇಕ ಸಲ ಜಗ್ಗುವುದಿಲ್ಲ. 2023ರಲ್ಲಿ ಅಮೆರಿಕದಲ್ಲೂ ಅದು ವರದಿಯಾಯಿತು. ನೀವು ಎಲ್ಲಿಂದ ಬಂದಿರಿ ಎಂದು ಗೊತ್ತಿದ್ದರೆ ಅಲ್ಲಿನ ವೈದ್ಯರು ಬೇರೆ ಮಾತ್ರೆ ಯೋಚಿಸುತ್ತಾರೆ, ಬೇಕಾದರೆ ನ್ಯಾಷನಲ್ ಸ್ಕಿನ್ ಸೆಂಟರ್‌ಗೆ ಬರೆದುಕೊಡುತ್ತಾರೆ.

ಇಟ್ರಾಕೊನಜೋಲ್ ಕ್ಯಾಪ್ಸೂಲ್ ಕೊಟ್ಟರೆ ಊಟವಾದ ತಕ್ಷಣ ನುಂಗಿ. ಅದು ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು. ನಮ್ಮವರಿಗೆ ಯಾವ ಮಾತ್ರೆಯ ಜೊತೆಗೂ ಒಂದು ಗ್ಯಾಸ್ ಮಾತ್ರೆ ನುಂಗುವ ಅಭ್ಯಾಸ. ಗ್ಯಾಸ್ ಮಾತ್ರೆ ಆ ಆಮ್ಲವನ್ನೇ ತಗ್ಗಿಸುತ್ತದೆ, ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕೊಲೆಸ್ಟ್ರಾಲ್, ಹೃದಯದ ಮಾತ್ರೆ ತೆಗೆದುಕೊಳ್ಳುವವರು, ಲಿವರ್ ತೊಂದರೆ ಇರುವವರು, ಬಸುರಿಯರು ಅದನ್ನು ಮೊದಲೇ ತಿಳಿಸಲೇಬೇಕು. ಹಚ್ಚುವ ಕ್ರೀಮನ್ನು ದಿನಕ್ಕೆ ಎರಡು ಸಲ, ಉಂಗುರದ ಅಂಚಿನಿಂದ 2 ಸೆಂಟಿಮೀಟರ್ ಆಚೆವರೆಗೂ ಹಚ್ಚಿ. ಕಣ್ಣಿಗೆ ಪೂರ್ತಿ ಮಾಯವಾದ ಮೇಲೂ 2 ವಾರ ಮುಂದುವರಿಸಿ. ಒಟ್ಟು ಚಿಕಿತ್ಸೆ ಒಂದೂವರೆ ಎರಡು ತಿಂಗಳು ಹಿಡಿಯಬಹುದು. ಮೊದಲ ಕೆಲವು ದಿನ ತುರಿಕೆ ಹೆಚ್ಚಾದಂತೆಯೂ ಅನ್ನಿಸುತ್ತದೆ, ಏಕೆಂದರೆ ಸ್ಟೀರಾಯ್ಡ್ ಇಲ್ಲ. ತಡೆದುಕೊಳ್ಳಿ. ತುರಿಕೆಗೆಂದೇ ಬೇರೆ ಮಾತ್ರೆ ಕೊಡುತ್ತಾರೆ.

ಪತ್ರದಲ್ಲಿ ಬರೆದಿಲ್ಲ, ಆದರೆ ಕೇಳುತ್ತೇನೆ: ಯಜಮಾನರು ಉಡಿದಾರ ಕಟ್ಟಿದ್ದಾರೆಯೇ? ನಮ್ಮ ಕಡೆಯ ಗಂಡಸರ ಸೊಂಟದಲ್ಲಿ ಆ ಕಪ್ಪು ದಾರದ ಜಾಡಿನಲ್ಲೇ ಹುಳುಕಡ್ಡಿ ಸಾಲಾಗಿ ಕೂತಿರುವುದನ್ನು ಪದೇಪದೇ ಕಾಣುತ್ತೇನೆ. ದಾರ ಎತ್ತಿ ನೋಡಿದರೆ ಕೆಳಗೆ ಬೆವರಿನ ಅಂಟು, ಹೊಟ್ಟು. ನೂಲಿನ ದಾರ ಬೆವರು ಹೀರಿಕೊಂಡು ದಿನವಿಡೀ ಒಣಗುವುದಿಲ್ಲ, ಸ್ನಾನದ ನೀರೂ ಅದರಲ್ಲೇ ನಿಲ್ಲುತ್ತದೆ. ವಾಸಿಯಾಗುವವರೆಗೆ ತೆಗೆದಿಡಿ. ಶಾಸ್ತ್ರ ಬಿಡಲಾಗದು ಎಂದು ಅತ್ತೆಯವರು ನೊಂದುಕೊಂಡರೆ, ಆಮೇಲೆ ಬೆಳ್ಳಿಯದು ಹಾಕಿಕೊಳ್ಳಲಿ, ಒರೆಸಿದರೆ ಒಣಗುತ್ತದೆ. ಮಗನ ಕುತ್ತಿಗೆಯಲ್ಲಿ ತಾಯತದ ದಾರವಿದ್ದರೆ ಅದಕ್ಕೂ ಇದೇ ಮಾತು.

ಬಟ್ಟೆಯ ವಿಚಾರ. ಸಿಂಗಪುರದ ಫ್ಲ್ಯಾಟುಗಳಲ್ಲಿ ಕಿಟಕಿಯಾಚೆ ಗಳದ ಮೇಲೆ ಬಟ್ಟೆ ಹರವುತ್ತಾರೆ. ಮಧ್ಯಾಹ್ನ ಮಳೆ ಬಂತೆಂದರೆ ಒಳಗೆಳೆದು ಕೋಣೆಯಲ್ಲಿ ಹಾಕುತ್ತಾರೆ, ಅದು ಮರುದಿನದವರೆಗೂ ಹಸಿ. ಒಳಉಡುಪು, ಟವೆಲ್, ಸಾಕ್ಸುಗಳನ್ನು ಮೆಷಿನ್ನಿನಲ್ಲಿ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ, ಡ್ರೈಯರ್ ಇದ್ದರೆ ಅದಕ್ಕೆ ಹಾಕಿ, ಇಲ್ಲದಿದ್ದರೆ ಹೊಲಿಗೆಯ ಜಾಗಕ್ಕೆ, ಸೊಂಟಪಟ್ಟಿಗೆ ಬಿಸಿ ಇಸ್ತ್ರಿ ಹಾಕಿ. ಟವೆಲ್ ಒಬ್ಬೊಬ್ಬರಿಗೆ ಒಂದೊಂದು. ಬಿಗಿ ಜೀನ್ಸ್, ಲೆಗ್ಗಿಂಗ್ಸ್ ಸದ್ಯಕ್ಕೆ ಬೇಡ.

ಎಕ್ಕದ ಹಾಲು, ಗೇರೆಣ್ಣೆ, ಬೆಳ್ಳುಳ್ಳಿ ಅರೆದು ಕಟ್ಟುವುದು, ಇವು ಯಾವುವೂ ಬೇಡ. ತುರಿಕೆ ಹೋಗುವುದಿಲ್ಲ, ಸುಟ್ಟ ಗಾಯ ಉಳಿಯುತ್ತದೆ.

ಪ್ರಶ್ನೆ: ಅಲ್ಲಿನ ಸಮುದ್ರದ ಮೀನು, ಬದನೆಕಾಯಿ ತಿಂದು ನಂಜಾಗಿ ಸೊಸೆಗೆ ಹುಳುಕಡ್ಡಿ ಬಂದಿದೆಯೇ? (ಅರಕಲಗೂಡು)

ಉತ್ತರ: ಇಲ್ಲ. ಅವರು ಇಷ್ಟಪಟ್ಟದ್ದನ್ನು ತಿನ್ನಲಿ.

ಪ್ರಶ್ನೆ: ಮೊಮ್ಮಗುವಿಗೆ ಎಂಟು ತಿಂಗಳು, ಕ್ವಾಲಾಲಂಪುರದಲ್ಲಿದೆ. ಕುತ್ತಿಗೆ, ಬೆನ್ನಿನ ತುಂಬ ಸಣ್ಣ ಕೆಂಪು ಗುಳ್ಳೆ. ಶೀತವಾಗುತ್ತದೆಂದು ಏಸಿ ಹಾಕಿಸುತ್ತಿಲ್ಲ, ಕುಲಾವಿ ತೊಡಿಸಿ ಪೌಡರ್ ಹಾಕುತ್ತಿದ್ದೇವೆ. (ಮೂಡಿಗೆರೆ)

ಉತ್ತರ: ಕುಲಾವಿ ತೆಗೆಯಿರಿ. ಮೂಡಿಗೆರೆಯ ಆಷಾಢಕ್ಕೆ ಸರಿಹೋಗುವ ಉಡುಪು ಕ್ವಾಲಾಲಂಪುರದ ಮಗುವಿಗೆ ಶಿಕ್ಷೆ. ಅದು ಬೆವರುಸಾಲೆ. ಬೆವರಿನ ನಾಳ ಕಟ್ಟಿಕೊಂಡು ಗುಳ್ಳೆಯಾಗಿದೆ. ಮೈ ತಣ್ಣಗಾದರೆ ತಾನೇ ಹೋಗುತ್ತದೆ. ಏಸಿ ಹಾಕಿ, ಗಾಳಿ ನೇರ ಮಗುವಿನ ಮೇಲೆ ಬೀಸದಿದ್ದರೆ ಸಾಕು. ತೆಳು ಹತ್ತಿಯ ಒಂದೇ ಅಂಗಿ. ಎಣ್ಣೆ ಹಚ್ಚಿ ತೊಳೆಯದೆ ಬಿಡಬೇಡಿ. ಪೌಡರ್ ಮಡಿಕೆಗಳಲ್ಲಿ ಮೆತ್ತಿಕೊಳ್ಳುತ್ತದೆ, ಧೂಳು ಮಗುವಿನ ಶ್ವಾಸಕ್ಕೆ ಹೋಗುತ್ತದೆ. ನಿಲ್ಲಿಸಿ. ಗುಳ್ಳೆಯಲ್ಲಿ ಕೀವು ಕಂಡರೆ, ಜ್ವರ ಬಂದರೆ ಅಲ್ಲಿನ ಮಕ್ಕಳ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಸಿಂಗಪುರಕ್ಕೆ ಹೋದ ಮೇಲೆ ಕೆನ್ನೆಯ ಮೇಲೆ ಬಂಗು ಹೆಚ್ಚಾಗಿದೆ. ಊರಿನ ಬ್ಯೂಟಿ ಪಾರ್ಲರಿನವರು ಕೊಟ್ಟ ಬಿಳಿ ಡಬ್ಬಿಯ ಕ್ರೀಮ್ ಹಚ್ಚಬಹುದೇ?

ಉತ್ತರ: ಲೇಬಲ್ ಇಲ್ಲದ ಡಬ್ಬಿಯ ಕ್ರೀಮನ್ನು ಮುಖಕ್ಕೆ ಹಚ್ಚಬೇಡಿ. ಇಂಥವುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ, ಪಾದರಸವೂ ಸಿಕ್ಕಿದೆ. ಅಲ್ಲಿ ಬಿಸಿಲಿನ ಅತಿನೇರಳೆ ಸೂಚ್ಯಂಕ ಮಧ್ಯಾಹ್ನ 11 ಮುಟ್ಟುವ ದಿನಗಳಿವೆ. ಅದು ‘ವಿಪರೀತ’ ಎಂಬ ವರ್ಗ. ಮೋಡವಿದ್ದರೂ ಸನ್‌ಸ್ಕ್ರೀನ್, ಜೊತೆಗೆ ಕೊಡೆ. ಅದಿಲ್ಲದೆ ಬಂಗಿಗೆ ಯಾವ ಔಷಧಿಯೂ ನಿಲ್ಲುವುದಿಲ್ಲ.

ಪ್ರಶ್ನೆ: ಅಲ್ಲಿನ ನಲ್ಲಿ ನೀರಿಗೆ ಕೂದಲು ಉದುರುತ್ತಿದೆ.

ಉತ್ತರ: ನೀರಿಗಲ್ಲ. ಊರು ಬಿಟ್ಟ ಒತ್ತಡ, ಜ್ವರ, ಊಟ ಕಡಿಮೆಯಾದದ್ದು, ಇವುಗಳ ಫಲ ಎರಡು ಮೂರು ತಿಂಗಳ ನಂತರ ಬಾಚಣಿಗೆಯಲ್ಲಿ ಕಾಣುತ್ತದೆ. ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ.

ಪ್ರಶ್ನೆ: ಮಗಳ ಬಾಣಂತನಕ್ಕೆ ಸಿಂಗಪುರಕ್ಕೆ ಹೊರಟಿದ್ದೇನೆ. ಯಾವ ಔಷಧಿ ಒಯ್ಯಬಹುದು? (ಬೇಲೂರು)

ಉತ್ತರ: ನಿಮ್ಮ ಬಿಪಿ, ಶುಗರ್ ಮಾತ್ರೆಗಳನ್ನು ವೈದ್ಯರ ಚೀಟಿ ಸಮೇತ ಒಯ್ಯಿರಿ. ನಿಮ್ಮ ಸ್ವಂತ ಬಳಕೆಗೆ, 3 ತಿಂಗಳಿಗೆ ಮೀರದಂತೆ. ನಿದ್ರೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧಿ ಒಯ್ಯಬೇಕಾದರೆ ಅಲ್ಲಿನ ಆರೋಗ್ಯ ವಿಜ್ಞಾನ ಪ್ರಾಧಿಕಾರದ ಅನುಮತಿಯನ್ನು ಹೊರಡುವ ಮೊದಲೇ ಪಡೆಯಬೇಕು. ಅಕ್ಕಪಕ್ಕದವರು ಅವರ ಮಕ್ಕಳಿಗೆಂದು ಕೊಟ್ಟ ಮಾತ್ರೆ ಪೊಟ್ಟಣ ಹಿಡಿದುಕೊಂಡು ಹೋಗಬೇಡಿ. ಬಾಣಂತಿಗೆ ಪಾಯಸ ಮಾಡಲೆಂದು ಗಸಗಸೆ ಕಟ್ಟಿಕೊಂಡಿದ್ದರೆ ಈಗಲೇ ತೆಗೆದಿಡಿ. ಸಿಂಗಪುರದಲ್ಲಿ ಅದು ನಿಷಿದ್ಧ ವಸ್ತು, ಮಾದಕವಸ್ತು ನಿಗ್ರಹ ಇಲಾಖೆಯ ಕೈಗೆ ಸಿಕ್ಕಿಬೀಳುವ ಸರಕು. ನಮ್ಮ ಅಡುಗೆಮನೆಯ ಡಬ್ಬಿಯಲ್ಲಿದೆ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ಜ್ವರದ ಜೊತೆ ಮೈಮೇಲೆ ಕೆಂಪು ದದ್ದು ಬಂದರೆ ಯಾವ ಮುಲಾಮು?

ಉತ್ತರ: ಯಾವುದೂ ಇಲ್ಲ. ಅದೇ ದಿನ ವೈದ್ಯರ ಹತ್ತಿರ ಹೋಗಿ. ಸಿಂಗಪುರದಲ್ಲಿ ಡೆಂಗ್ಯೂ ವರ್ಷಪೂರ್ತಿ ಇರುತ್ತದೆ. 2020ರಲ್ಲಿ ಒಂದೇ ವರ್ಷ 35,000ಕ್ಕೂ ಹೆಚ್ಚು ಮಂದಿಗೆ ಬಂತು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಮುಟ್ಟಬೇಡಿ, ರಕ್ತಸ್ರಾವ ಹೆಚ್ಚುತ್ತದೆ. ಪರಂಗಿ ಎಲೆಯ ರಸ ಕುಡಿದುಕೊಂಡು ಮನೆಯಲ್ಲೇ ಮಲಗಬೇಡಿ. ಜ್ವರ ಇಳಿದ ದಿನವೇ ಹೆಚ್ಚು ಎಚ್ಚರ ಬೇಕು. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಕು ಕಂಡರೆ ಕೂಡಲೇ ಆಸ್ಪತ್ರೆ.

ಮಲೆನಾಡಿನವರಿಗೆ ಇನ್ನೊಂದು ಮಾತು. ಡಿಸೆಂಬರಿನಿಂದ ಮೇ ತಿಂಗಳೊಳಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ರಜೆಗೆ ಬಂದು, ತೋಟ, ಕಾಡಂಚಿನಲ್ಲಿ ಓಡಾಡಿ, ವಾಪಸಾದ ಒಂದೆರಡು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಅದು ಮಂಗನ ಕಾಯಿಲೆಯೂ ಇರಬಹುದು. ಉಣುಗು ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗಿರುವುದಿಲ್ಲ. ಅಲ್ಲಿನ ವೈದ್ಯರು ಅದನ್ನು ನೋಡಿಯೇ ಇರಲಾರರು, ನೀವಾಗಿ ಹೇಳದಿದ್ದರೆ ಅವರಿಗೆ ಹೊಳೆಯುವುದಿಲ್ಲ. ‘ಕ್ಯಾಸನೂರು ಫಾರೆಸ್ಟ್ ಡಿಸೀಸ್’ ಎಂದು ಫೋನಿನಲ್ಲಿ ಬರೆದಿಟ್ಟುಕೊಂಡು, ಯಾವ ದಿನ ಯಾವ ಊರಿನಲ್ಲಿದ್ದಿರಿ ಎಂಬುದರ ಸಮೇತ ಅವರಿಗೆ ತೋರಿಸಿ.