ತುಳಿಯುವವರಿಗೆ ಬರೆಯಿರಿ

(ಬರಹಗಾರರಿಗೆ ಸಲಹೆ. ನಮ್ಮ ಸೈಕಲ್ ಕ್ಲಬ್ಬಿನ ಹೊಸ ಸದಸ್ಯರೊಬ್ಬರು ನಮ್ಮ ಪತ್ರಿಕೆಗೆ ಕಳಿಸಿದ ‘ಕಲಬುರಗಿಯಿಂದ ಬೀದರಿಗೆ ಒಂದು ಅವಿಸ್ಮರಣೀಯ ಪಯಣ’ ಎಂಬ ಲೇಖನಕ್ಕೆ ಸಂಪಾದಕರು ಕೊಟ್ಟ ಉತ್ತರ. ಲೇಖಕರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಅಚ್ಚು ಹಾಕಿದ್ದೇವೆ.)

ಪ್ರಿಯ ತಮ್ಮ,

ಲೇಖನ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಹಾಕುವುದಿಲ್ಲ. ವಾಪಸ್ ಕಳಿಸುತ್ತಿರುವುದು ಬೇಡ ಅಂತಲ್ಲ, ತಿದ್ದಿಕೊಂಡು ಬರಲಿ ಅಂತ. ಸಿಟ್ಟು ಬಂದರೆ ಬರಲಿ, ಎರಡು ದಿನ ಬಿಟ್ಟು ಮತ್ತೊಮ್ಮೆ ಓದಿ.

ಮೊದಲ ಒಂದೂವರೆ ಪುಟದಲ್ಲಿ ಸೈಕಲ್ ತುಳಿದರೆ ಹೃದಯಕ್ಕೆ ಒಳ್ಳೆಯದು, ಪೆಟ್ರೋಲ್ ಉಳಿಯುತ್ತದೆ, ಪರಿಸರ ಉಳಿಯುತ್ತದೆ ಎಂದು ಬರೆದಿದ್ದೀರಿ. ಯಾರಿಗೆ ಹೇಳುತ್ತಿದ್ದೀರಿ? ಈ ಪತ್ರಿಕೆ ಹೋಗುವುದು ಸದಸ್ಯರ ಮನೆಗೆ. ಚಳಿಗಾಲದ ಥಂಡಿಯೊಳಗೆ ಐದಕ್ಕೆ ಎದ್ದು, ಮನೆಯವರ ಬೈಗುಳ ತಿಂದು, ರಿಂಗ್ ರೋಡಿಗೆ ಬಂದು ನಿಲ್ಲುವ ಜನ ಇವರು. ಇವರಿಗೆ ಸೈಕಲ್ಲಿನ ಮಹಿಮೆ ಹೇಳುವುದೆಂದರೆ ಗಾಣಗಾಪುರದ ಪೂಜಾರಿಗೆ ದತ್ತಮಹಿಮೆ ಹೇಳಿದಂತೆ. ಆ ಒಂದೂವರೆ ಪುಟ ತೆಗೆಯಿರಿ. ಸೈಕಲ್ ಮುಟ್ಟದವರಿಗೆ ಬರೆಯುವ ಪತ್ರಿಕೆಗಳು ಬೇರೆ ಇವೆ, ಅಲ್ಲಿಗೆ ಅದು ಸರಿಯಾಗಬಹುದು. ನಿಮ್ಮ ಲೇಖನದ ಮುಖ್ಯ ತೊಂದರೆಯೇ ಇದು, ಉಳಿದವೆಲ್ಲ ಇದರ ಮಕ್ಕಳು: ತುಳಿಯುವವರ ಪತ್ರಿಕೆಗೆ ತುಳಿಯದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೀರಿ.

ಆಮೇಲೆ ಅಂಕಿಗಳು. ಎಷ್ಟು ಕಿಲೋಮೀಟರು, ಸರಾಸರಿ ವೇಗ ಎಷ್ಟು, ಎಷ್ಟು ಕ್ಯಾಲರಿ ಕರಗಿತು. ಅದೆಲ್ಲ ಅವತ್ತು ಸಂಜೆಯೇ ಎಲ್ಲರ ಮೊಬೈಲಿಗೆ ಬಂದು, ಎಲ್ಲರೂ ಹೆಬ್ಬೆರಳು ಎತ್ತಿ ಆಗಿದೆ. ಕೋಟೆ ಬಾಗಿಲ ಮುಂದೆ ಸಾಲಾಗಿ ನಿಂತ ಫೋಟೋ ಕೂಡ. ಎರಡು ತಿಂಗಳ ಮೇಲೆ ಕಾಗದದ ಮೇಲೆ ಅದನ್ನೇ ಯಾರು ನೋಡುತ್ತಾರೆ? ಮೊಬೈಲು ಹೇಳದೆ ಬಿಟ್ಟದ್ದು ಏನಾದರೂ ಇದ್ದರೆ ಮಾತ್ರ ಪತ್ರಿಕೆಗೆ ಕೆಲಸ.

ಅಂಥದ್ದು ನಿಮ್ಮ ಹತ್ತಿರ ಇದೆ, ನೀವೇ ಗಮನಿಸಿಲ್ಲ. ಹೋಗುವಾಗ ಎಂಟು ತಾಸು ಹಿಡಿಯಿತು, ಮರುದಿನ ಐದೂವರೆ ತಾಸಿನಲ್ಲಿ ಮನೆ ಮುಟ್ಟಿದೆವು, ಊರಿನ ಸೆಳೆತ ಅಂಥದ್ದು ಎಂದು ಬರೆದಿದ್ದೀರಿ. ಊರಿನ ಸೆಳೆತ ಅಲ್ಲರೀ. ನೀವು ಹೋದದ್ದು ಡಿಸೆಂಬರಿನಲ್ಲಿ. ಆಗ ನಮ್ಮ ಸೀಮೆಯಲ್ಲಿ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದ ಕಡೆಯಿಂದ ಬೀಸುತ್ತದೆ. ಕಲಬುರಗಿಯಿಂದ ನೋಡಿದರೆ ಬೀದರ ಇರುವುದೂ ಈಶಾನ್ಯಕ್ಕೇ. ಗಾಳಿಗೆ ಎದೆ ಕೊಟ್ಟು ಹೋದಿರಿ, ಬೆನ್ನಿಗೆ ಹಾಕಿಕೊಂಡು ಬಂದಿರಿ. ಮೇಲಾಗಿ ಬೀದರ ನಮ್ಮ ಊರಿಗಿಂತ 200 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇದೇ ದಾರಿಯನ್ನು ಜುಲೈನಲ್ಲಿ ಹಿಡಿದಿದ್ದರೆ ಮುಂಗಾರಿನ ಗಾಳಿ ಹೋಗುವಾಗ ದೂಡುತ್ತಿತ್ತು, ಬರುವಾಗ ಸತಾಯಿಸುತ್ತಿತ್ತು. ಹೋಗಿ ಬಂದರೆ 200 ಕಿಲೋಮೀಟರು ದಾಟುವ ದಾರಿ ಇದು. ಬ್ರೆವೆಗೆ (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ತಯಾರಾಗುವ ಸದಸ್ಯರಿಗೆ 200 ಕಿಲೋಮೀಟರಿಗೆ ಸಿಗುವುದು 13 ತಾಸು 30 ನಿಮಿಷ. ಯಾವ ಅರ್ಧದಲ್ಲಿ ಎಷ್ಟು ತಾಸು ಕೈಬಿಡುತ್ತದೆ ಅಂತ ಅವರಿಗೆ ಗೊತ್ತಾಗಬೇಕು. ಹುಮನಾಬಾದ್ ಮುಟ್ಟಿದಾಗ ಗಂಟೆ ಎಷ್ಟಾಗಿತ್ತು, ಕಾಲು ಎಲ್ಲಿ ಸೋತವು, ನೀರು ಎಲ್ಲಿ ಖಾಲಿಯಾಯಿತು, ಎಲ್ಲಿ ತುಂಬಿಸಿದಿರಿ, ಬರೆಯಿರಿ.

ಬೀದರದ ಇತಿಹಾಸಕ್ಕೆ ಒಂದು ಪುಟ ಕೊಟ್ಟಿದ್ದೀರಿ. ಬಹಮನಿ ರಾಜ್ಯ 1347ರಲ್ಲಿ ಹುಟ್ಟಿತು, ಮಹಮೂದ್ ಗವಾನನ ಮದರಸಾ 1472ರದ್ದು, ಸುಲ್ತಾನರ ಹೆಸರುಗಳು ಒಂದರ ಹಿಂದೆ ಒಂದು. ತಪ್ಪಿಲ್ಲ, ಆದರೆ ಎಲ್ಲಿಂದಲೋ ಎತ್ತಿ ತಂದದ್ದು ಅಂತ ಓದಿದವರಿಗೆ ಗೊತ್ತಾಗುತ್ತದೆ, ಏಕೆಂದರೆ ಆ ಪುಟದಲ್ಲಿ ಒಂದೇ ಒಂದು ಸೈಕಲ್ ಇಲ್ಲ. ಇತಿಹಾಸ ಬೇಡ ಅನ್ನುತ್ತಿಲ್ಲ. ಅಹ್ಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಕಿತ್ತು ಬೀದರಿಗೆ ಒಯ್ದದ್ದಕ್ಕೆ ಅಲ್ಲಿಯ ಎತ್ತರ, ತಂಪು ಹವೆಯೂ ಕಾರಣ ಎಂದು ಹೇಳುತ್ತಾರೆ. ಆ ಎತ್ತರವನ್ನೇ ನೀವು ತೊಡೆ ನೋಯಿಸಿಕೊಂಡು ಹತ್ತಿದ್ದೀರಿ. ಹತ್ತುತ್ತಾ ಹೋದಂತೆ ನಮ್ಮ ಎರೆ ಭೂಮಿ ಹಿಂದೆ ಉಳಿದು ಕೆಂಪು ಮಣ್ಣು, ಜಂಬಿಟ್ಟಿಗೆ ಕಲ್ಲು ಶುರುವಾಗುತ್ತದೆ, ಬೀದರ ಕೋಟೆಯಲ್ಲಿ ಅದೇ ಕಲ್ಲಿದೆ. ಮಣ್ಣು ಬದಲಾದದ್ದು ಎಲ್ಲಿ ಕಣ್ಣಿಗೆ ಬಿತ್ತು? ಮಳೆಗಾಲದಲ್ಲಿ ಎರೆ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ, ಸೈಕಲ್ ಹೆಗಲ ಮೇಲೆ ಹೊರಬೇಕಾಗುತ್ತದೆ. ಹಾಗಾಗಿ ಕಚ್ಚಾ ದಾರಿಗೆ ಇಳಿಯುವವರು ಮೊದಲು ನೋಡುವುದು ಮಣ್ಣಿನ ಬಣ್ಣ. ಸುಲ್ತಾನರ ಪಟ್ಟಿ ಬಿಟ್ಟು ಇಷ್ಟನ್ನು ಹೇಳಿ.

ಈಗ ನನಗೆ ಬೇಕಾದ ಜಾಗಕ್ಕೆ ಬರುತ್ತೇನೆ. ‘ಕಮಲಾಪುರ ದಾಟಿದ ನಂತರ ಒಂದು ಸ್ಪೋಕ್ ಮುರಿದು ಸ್ವಲ್ಪ ತೊಂದರೆಯಾಯಿತು, ಸ್ಥಳೀಯರ ಮುಗ್ಧ ಆತಿಥ್ಯದಿಂದ ಪಯಣ ಮುಂದುವರಿಯಿತು.’ ಲೇಖನದಲ್ಲಿ ಇರುವುದು ಇಷ್ಟೇ. ಆದರೆ ಮೊನ್ನೆ ಫೋನಿನಲ್ಲಿ ಇದನ್ನೇ ಹೇಳುವಾಗ ನೀವು ಬೇರೆಯೇ ಮನುಷ್ಯ ಆಗಿದ್ದಿರಿ. ಹಿಂದಿನ ಚಕ್ರ, ಬಲಗಡೆ, ಚಕ್ರದ ನಡುವಿನ ಹಬ್ಬಿನ ಹತ್ತಿರ ಬಾಗುವಲ್ಲಿಯೇ ಸ್ಪೋಕ್ ಟಣ್ ಅಂದದ್ದು. ರಿಮ್ಮು ಎಡಕ್ಕೆ ವಾಲಿ ಸುತ್ತಿಗೊಮ್ಮೆ ಬ್ರೇಕ್ ರಬ್ಬರಿಗೆ ತಾಗಿದ್ದು. ಹಿಂದಿನ ಬ್ರೇಕ್ ಬಿಚ್ಚಿಟ್ಟು ಮುಂದಿನದರ ಮೇಲೇ ಹಳ್ಳಿ ತನಕ ಬಂದದ್ದು. ಅಲ್ಲಿ ತಗಡಿನ ಅಂಗಡಿಯಲ್ಲಿ ಹಾಲಿನವರ ಸೈಕಲ್ ರಿಪೇರಿ ಮಾಡುವ ಅಜ್ಜ. ಅವನ ಹತ್ತಿರ ಇದ್ದ ಸ್ಪೋಕ್ ನಿಮ್ಮ ಚಕ್ರಕ್ಕೆ ಉದ್ದ. ಸೈಕಲ್ ತಲೆಕೆಳಗು ಮಾಡಿ, ಬಳಪದ ತುಂಡನ್ನು ರಿಮ್ಮಿನ ಹತ್ತಿರ ಅಲ್ಲಾಡದಂತೆ ಹಿಡಿದು ಚಕ್ರ ತಿರುಗಿಸಿ, ಬಳಪ ತಾಗಿದ ಕಡೆ ಎಡಗಡೆಯ ಅಕ್ಕಪಕ್ಕದ ಸ್ಪೋಕುಗಳನ್ನು ಅರ್ಧರ್ಧ ಸುತ್ತು ಸಡಿಲ ಮಾಡಿದ. ಮಾಡುತ್ತಲೇ ಬೈದ: ‘ಇಷ್ಟು ರೊಕ್ಕ ಹಾಕಿ ಸೈಕಲ್ ತಗೊಂಡೀರಿ, ಒಂದ್ ಸ್ಪೋಕ್ ಇಟ್ಕೊಳ್ಳಾಕ ಏನಾಗ್ಯದ?’ ಇಪ್ಪತ್ತು ರೂಪಾಯಿ ಎಣಿಸಿ ತಗೊಂಡ. ಚಾ ಕೇಳಲಿಲ್ಲ. ಮುಗ್ಧ ಆತಿಥ್ಯ ಎಲ್ಲಿ ಬಂತು ಇದರಲ್ಲಿ? ಆ ಅಜ್ಜ ಮುಗ್ಧನೂ ಅಲ್ಲ, ಆತಿಥ್ಯ ಮಾಡಲೂ ಇಲ್ಲ. ಕೆಲಸ ಬಲ್ಲವನು, ಕೆಲಸ ಮಾಡಿ ಕೊಟ್ಟ. ಅವನನ್ನು ಹಾಗೇ ಕೂರಿಸಿ.

ಇದರಲ್ಲಿ ಓದುಗನಿಗೆ ಕಲಿಯುವುದಿದೆ. ಹಿಂದಿನ ಚಕ್ರದ ಬಲಕ್ಕೆ ಗೇರಿನ ಹಲ್ಲುಚಕ್ರಗಳು ಜಾಗ ತಿನ್ನುವುದರಿಂದ ಆ ಕಡೆಯ ಸ್ಪೋಕುಗಳು ಹೆಚ್ಚು ನೆಟ್ಟಗೆ, ಹೆಚ್ಚು ಬಿಗಿಯಾಗಿರುತ್ತವೆ. ಕ್ಯಾರಿಯರ್ ಮೇಲೆ ಭಾರ ಹೇರಿದರೆ ಮುರಿಯುವುದೂ ಸಾಮಾನ್ಯವಾಗಿ ಅವೇ. ಬಲಗಡೆಯದು ಹೋದರೆ ರಿಮ್ಮು ಎಡಕ್ಕೆ ಎಳೆಯುತ್ತದೆ, ಎಡದವನ್ನು ಸಡಿಲಿಸಿದರೆ ಊರು ಮುಟ್ಟುವಷ್ಟು ನೇರವಾಗುತ್ತದೆ. ಅಜ್ಜನ ಬೈಗುಳ ನ್ಯಾಯವಾದದ್ದೇ, ಆದರೂ ಬಲಗಡೆ ಹೊಸ ಸ್ಪೋಕ್ ತೂರಿಸಬೇಕಾದರೆ ಸಾಮಾನ್ಯವಾಗಿ ಹಲ್ಲುಚಕ್ರಗಳನ್ನೇ ಬಿಚ್ಚಬೇಕು, ಬಿಚ್ಚುವ ಉಪಕರಣ ಎಷ್ಟು ಜನರ ಚೀಲದಲ್ಲಿದೆ? ನಿಮ್ಮ ಚೀಲದಲ್ಲಿ ಏನಿತ್ತು, ಏನಿರಲಿಲ್ಲ, ಯಾರ ಕ್ಯಾರಿಯರಿನಲ್ಲಿ ಎಷ್ಟು ಭಾರ ಇತ್ತು, ಅದನ್ನೂ ಸೇರಿಸಿ.

ಇನ್ನೊಂದು ಸಂಗತಿ ಬೇರೆಯವರಿಂದ ತಿಳಿಯಿತು. ಇಬ್ಬರು ಹುಮನಾಬಾದಿನಿಂದ ಬಸ್ ಹತ್ತಿ ವಾಪಸ್ ಬಂದರಂತೆ. ನಿಮ್ಮ ಲೇಖನದಲ್ಲಿ ಎಲ್ಲರೂ ‘ವಿಜಯದ ನಗೆ’ಯೊಂದಿಗೆ ಕೋಟೆ ತಲುಪಿದ್ದಾರೆ. ಆ ಇಬ್ಬರನ್ನು ಕೇಳಿ, ಒಪ್ಪಿದರೆ ಬರೆಯಿರಿ. ಯಾಕೆ ನಿಲ್ಲಿಸಿದರು, ನಿಲ್ಲಿಸುವ ಮುಂಚೆ ಏನು ತಿಂದಿದ್ದರು, ಸೈಕಲ್ಲನ್ನು ಬಸ್ಸಿನಲ್ಲಿ ಎಲ್ಲಿ ಹಾಕಿದರು, ಚಕ್ರ ಬಿಚ್ಚಬೇಕಾಯಿತೇ, ಲಗೇಜಿಗೆ ಎಷ್ಟು ಕೊಟ್ಟರು. ನಂಬಿ, ಅರ್ಧಕ್ಕೆ ಬಂದವರ ಕಥೆಯನ್ನು ಮುಟ್ಟಿದವರ ಕಥೆಗಿಂತ ಮೊದಲು ಓದುತ್ತಾರೆ.

ಇದು ನನ್ನೊಬ್ಬನ ಹಟ ಅಂದುಕೊಳ್ಳಬೇಡಿ. 1878ರಲ್ಲಿ ಇಂಗ್ಲೆಂಡಿನ ಹ್ಯಾರೊಗೇಟಿನಲ್ಲಿ ಒಂದು ಸೈಕಲ್ ಕ್ಲಬ್ ಹುಟ್ಟಿತು, 1883ರಲ್ಲಿ ಅದಕ್ಕೆ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂದು ಹೆಸರಾಯಿತು. ಕಡಿದಾದ ಇಳಿಜಾರುಗಳ ತಲೆಯಲ್ಲಿ ಅಪಾಯದ ಫಲಕ ನಿಲ್ಲಿಸುವುದು ಅವರ ಮೊದಮೊದಲ ಕೆಲಸಗಳಲ್ಲಿ ಒಂದು. ಹಿಂದೆ ಬರುವವನಿಗೆ ಮುಂದೆ ಹೋದವನು ಹೇಳಿ ಇಡುವುದು. ಸದಸ್ಯರ ಪತ್ರಿಕೆಯ ಕೆಲಸವೂ ಅದೇ ಜಾತಿಯದು, ಜೊತೆಗೆ ಸ್ವಲ್ಪ ಚೇಷ್ಟೆ, ಸ್ವಲ್ಪ ಜಗಳ ಇದ್ದರೆ ರುಚಿ. ಹಿಂದಿನ ಸಂಚಿಕೆಯಲ್ಲಿ ಜನ ಹರಿದು ಇಟ್ಟುಕೊಂಡದ್ದು ಮುಖಪುಟದ ಲೇಖನವನ್ನಲ್ಲ. ರಾಶಿ ಕಾಲದಲ್ಲಿ ರಸ್ತೆ ಮೇಲೆ ತೊಗರಿ ಹರವಿದಾಗ ಹೇಗೆ ದಾಟಬೇಕು ಅಂತ ಸದಸ್ಯರೊಬ್ಬರು ಬರೆದ ಕಾಲು ಪುಟ: ಹೊಟ್ಟಿನ ಮೇಲೆ ಬ್ರೇಕ್ ಹಾಕಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ತೊಗರಿ ಕಟಿಗಿ ಟೈರಿನಲ್ಲಿ ಉಳಿದಿದೆಯಾ ಅಂತ ಇಳಿದು ಕೈಯಾಡಿಸಿ ನೋಡಿ, ಇಲ್ಲಾಂದರೆ ಮುಂದಿನ ಊರಲ್ಲಿ ಪಂಕ್ಚರ್. ಕೊನೆಗೆ ಒಂದು ಸಾಲು, ರಾಶಿ ತುಳಿದು ಹೋದದ್ದಕ್ಕೆ ಹೊಲದವನಿಂದ ತಿಂದ ಬೈಗುಳ. ಅದಕ್ಕೆ ಉತ್ತರವಾಗಿ ಇನ್ನೊಬ್ಬರು, ರಸ್ತೆ ಯಾರಪ್ಪನದು ಅಂತ ಕಾಗದ ಬರೆದರು. ಜಗಳ ಇನ್ನೂ ಮುಗಿದಿಲ್ಲ.

ಸಣ್ಣ ಪುಟ್ಟವು: ‘ಪ್ರಕೃತಿ ಮಾತೆಯ ಮಡಿಲು’ ಬೇಡ, ಹೊಲದಲ್ಲಿ ಏನು ಬೆಳೆದಿತ್ತು ಹೇಳಿ. ಧನ್ಯವಾದದ ಪಟ್ಟಿ ಪೂರ್ತಿ ಹೋಗಲಿ, ಅಧ್ಯಕ್ಷರು ಬೇಜಾರು ಮಾಡಿಕೊಂಡರೆ ನಾನು ನೋಡಿಕೊಳ್ಳುತ್ತೇನೆ. ಕಮಲಾಪುರದ ಕೆಂಪು ಬಾಳೆಹಣ್ಣು ತಿಂದದ್ದು ಇರಲಿ, ಡಜನ್ನಿಗೆ ಎಷ್ಟು ಕೊಟ್ಟಿರಿ ಅನ್ನುವುದೂ ಇರಲಿ. ಸುಸಲಾ, ಮಿರ್ಚಿ ಭಜಿ ತಿಂದು ಏರು ಹತ್ತಿದವರ ಹೊಟ್ಟೆ ಏನಂದಿತು ಅಂತ ಒಂದು ಮಾತು ಬಂದರೆ ಓದುಗರು ಋಣಿ.

ಆರುನೂರು ಪದ ಸಾಕು. ಸ್ಪೋಕ್ ಮುರಿದಲ್ಲಿಂದಲೇ ಶುರು ಮಾಡಿ, ಹೊರಟದ್ದು, ಹಾರ ಹಾಕಿಸಿಕೊಂಡದ್ದು ಯಾವುದೂ ಬೇಡ. ಬರೆಯಲು ಕೂತಾಗ ಕೈ ಬಿಗಿಯಾದರೆ ನನಗೆ ಫೋನಿನಲ್ಲಿ ಹೇಳಿದ ಹಾಗೇ ಬರೆದುಬಿಡಿ, ಕಾಗುಣಿತ ನಾನು ನೋಡುತ್ತೇನೆ. ತಿಂಗಳ ಇಪ್ಪತ್ತರೊಳಗೆ ಕೈ ಸೇರಬೇಕು. ಆ ಚಕ್ರದ ಫೋಟೋ ಯಾರಾದರೂ ತೆಗೆದಿದ್ದರೆ ಅದನ್ನು ಕಳಿಸಿ. ಅಜ್ಜನ ಅಂಗಡಿ ಯಾವ ಊರಲ್ಲಿ, ರಸ್ತೆಯ ಯಾವ ಬದಿಗೆ, ಯಾವ ವಾರ ರಜೆ, ಇದನ್ನು ಮಾತ್ರ ಮರೆಯದೆ ಸರಿಯಾಗಿ ಕೇಳಿ ಬರೆಯಿರಿ.

ನಿಮ್ಮ,
ಸಂಪಾದಕ